ಪಡುವಕ್ಕೆ ತಿರುಗಿದ ಹಳ್ಳ

ನೀವು ನಂಬೋದಿಲ್ಲ. ನಂಬಬೇಡಿ, ನಂಗೇನೂ ನಷ್ಟ ಇಲ್ಲ. ಒಂದೇ ಜಾಗದಲ್ಲಿ ನಿಂತು, ಅರ್ಧ ಈ ಕಡೆ ಅರ್ಧ ಆ ಕಡೆ ತಿರುಗಿ, ಎರಡು ಸಮುದ್ರಕ್ಕೂ ಉಚ್ಚೆ ಹೊಯ್ದು ಕಳಿಸಿದ ಗಂಡಸು ಈ ಸೀಮೇಲಿ ನಾನೊಬ್ಬನೇ. ಮೊನ್ನೆ ಹೊಸನಗರದ ರಸ್ತೆ ಅಗಲ ಮಾಡೋಕೆ ಜೆಸಿಬಿ ಗುಡ್ಡ ಕಡೀತಾ ಇತ್ತು. ಬಸ್ಸಿನ ಕಿಟಕಿಯಿಂದ ಹಸಿ ಜಂಬಿಟ್ಟಿಗೆ ಕಲ್ಲಿನ ವಾಸನೆ ಒಳಗೆ ಬಂತು. ನೆನೆದ ಕಬ್ಬಿಣ, ಒಡೆದ ಹುತ್ತ, ಸ್ವಲ್ಪ ಹಳೇ ಬೆಲ್ಲ, ಎಲ್ಲ ಕಲಸಿದ ಹಾಗಿನ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಿಟಕಿ ಹಾಕಿ ಅಂದ್ಲು. ನಾನು ಪೂರ್ತಿ ತೆಗೆದೆ.

ನಾನು ಬೆಳೆದ ದೊಡ್ಡಪ್ಪಯ್ಯನ ಮನೆ ಹೊಸನಗರಕ್ಕೂ ತೀರ್ಥಹಳ್ಳಿಗೂ ನಡುವಿನ ಗುಡ್ಡದ ನೆತ್ತಿ ಮೇಲಿತ್ತು. ಅಲ್ಲಿ ಮೂಡ ಕಡೆ ಬಿದ್ದ ಮಳೆ ತುಂಗೆ ಸೇರಿ, ಊರೂರು ಸುತ್ತಿ ಮೂಡಣ ಸಮುದ್ರಕ್ಕೆ ಹೋಗ್ತಿತ್ತು. ಪಡು ಕಡೆ ಬಿದ್ದದ್ದು ಶರಾವತಿಗೆ ಇಳಿದು, ಜೋಗದಲ್ಲಿ ಧುಮುಕಿ, ಹೊನ್ನಾವರದ ಉಪ್ಪುನೀರು ಸೇರ್ತಿತ್ತು. ಅಡುಗೆಮನೆ ಬೆನ್ನಿಗೇ ಒಂದು ಹಳ್ಳ ಹರೀತಿತ್ತು. ಅದು ಮೂಡಕ್ಕೆ ಇಳಿಯೋ ಹಳ್ಳ, ನಮ್ಮ ಗದ್ದೆಗೆಲ್ಲ ಅದರದ್ದೇ ನೀರು. ಆದ್ರೆ ಮೇಲಿನ ತಿರುವಿನ ಹತ್ರ, ಪಡುವ ಕಡೆಯಿಂದ ಒಂದು ಕೊರಕಲು ವರ್ಷ ವರ್ಷ ಗುಡ್ಡ ತಿಂತಾ ಹತ್ತಿ ಬರ್ತಿತ್ತು. ಆ ಕಡೆ ಇಳಿಜಾರು ಜಾಸ್ತಿ, ನೀರಿಗೆ ಹಲ್ಲೂ ಜಾಸ್ತಿ. ಕೊರಕಲಿಗೂ ಹಳ್ಳಕ್ಕೂ ನಡುವೆ ಉಳಿದಿದ್ದು ಒಂದು ಎತ್ತು ಅಡ್ಡ ಮಲಗುವಷ್ಟು ನೆಲ. ಅದೂ ಕುಸಿದ್ರೆ ಹಳ್ಳ ಪಡುವಕ್ಕೆ ತಿರುಗುತ್ತೆ, ಗದ್ದೆ ಒಣಗುತ್ತೆ, ನಾವು ಮನೆ ಬಿಡಬೇಕಾಗುತ್ತೆ. ಇದು ತೊಟ್ಟಿಲ ಮಕ್ಕಳಿಗೂ ಗೊತ್ತಿತ್ತು.

ಹಾಗಾಗಿ ಮಳೆ ಹಿಡಿಯೋ ಮುಂಚೆ ಮನೆಮಂದಿಯೆಲ್ಲ ಕೊರಕಲಿನ ಬಾಯಿ ಕಟ್ಟೋಕೆ ಹೋಗ್ತಿದ್ವಿ. ಕಲ್ಲಿನ ಚೂರು, ಸೊಪ್ಪಿನ ಹೊರೆ ತುಂಬಿ, ಅದರ ಮೇಲೆ ಕೇದಗೆ ಜಾತಿಯ ಮುಳ್ಳಿನ ಮುಂಡಿಗೆ ನೆಡೋದು. ದೊಡ್ಡಮ್ಮ ಅಲ್ಲಿಗೇ ಬಿಸಿ ಕಡುಬು, ಒಣಸೀಗಡಿ ಚಟ್ನಿ ತರ್ತಿದ್ರು. ಮುಳ್ಳು ಗೀರಿದ ಕೈಗೆ ಚಟ್ನಿ ಖಾರ ತಾಗಿ ಉರಿಯೋ ಉರಿ, ಆಹಾ! ಒಂದ್ಸಲ ದೊಡ್ಡಪ್ಪಯ್ಯನ ಪಂಚೆಗೆ ಹಿಂದಿನಿಂದ ಉದ್ದದ ಮುಂಡಿಗೆ ಎಲೆ ಸಿಕ್ಕಿಸಿ ಬಾಲ ಮಾಡಿದ್ದೆ. ಬಾಲ ಅಲ್ಲಾಡಿಸ್ತಾನೇ ಮಧ್ಯಾಹ್ನದವರೆಗೆ ಎಲ್ಲರಿಗೂ ಯಜಮಾನಿಕೆ ಮಾಡಿದ್ರು.

ಅರವತ್ತರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತಲ್ಲ, ಅದನ್ನ ನೋಡಿ ಬಂದ ದೊಡ್ಡಪ್ಪಯ್ಯನ ತಲೆ ಕೆಟ್ಟಿತು. "ಅಷ್ಟು ದೊಡ್ಡ ಹೊಳೇನೇ ಕಟ್ಟಿದಾರೆ, ನಂಗೆ ಈ ಕೊರಕಲು ಕಟ್ಟಕ್ಕಾಗಲ್ವಾ?" ಅಂದ್ರು. ಸೊಪ್ಪು, ಮುಂಡಿಗೆ ಎಲ್ಲ ಕಿತ್ತು ಹಾಕಿ, ಹೊಸದಾಗಿ ಜಂಬಿಟ್ಟಿಗೆ ಕಡಿಸಿ ಗೋಡೆ ಎಬ್ಬಿಸೋಕೆ ಹೊರಟ್ರು. ಈ ಕಲ್ಲು ನೆಲದಿಂದ ತೆಗೆದಾಗ ಕೊಡಲಿಗೆ ಗಿಣ್ಣಿನ ಹಾಗೆ ಮೆತ್ತಗೆ ಸಿಗುತ್ತೆ, ಗಾಳಿ ಬಿಸಿಲು ತಿಂದ ಮೇಲೇ ಕಬ್ಬಿಣ ಆಗೋದು.

"ಒಂದು ಬೇಸಿಗೆ ಬಿಸಿಲು ಕಾಣ್ಲಿ ಮಾರಾಯ್ರೆ, ಹಸಿ ಕಲ್ಲು ನಿಲ್ಲಲ್ಲ" ಅಂದ್ರು ದೊಡ್ಡಮ್ಮ.

"ನೀ ಹೋಗಿ ಕಡುಬು ಬೇಯ್ಸು."

"ಕಡುಬಿಗೂ ಬೇಯಕ್ಕೆ ಹೊತ್ತು ಬೇಕಲ್ಲ!"

ಎಲ್ಲರೂ ನಕ್ವಿ. ಗೋಡೆಯೂ ಎದ್ದಿತು, ಕೆಂಪಗೆ, ಚಂದಕ್ಕೆ.

ನಾಟಿ ಅರ್ಧ ಆಗಿತ್ತು. ಒಂದು ಬೆಳಿಗ್ಗೆ ನಂಗೆ ಎಚ್ಚರ ಆಗಿದ್ದು ಸದ್ದಿಗಲ್ಲ, ಸದ್ದಿಲ್ಲದ್ದಕ್ಕೆ. ಹೊರಗೆ ಮಳೆ ಸುರೀತಿದೆ, ಅಡುಗೆಮನೆ ಹಿಂದೆ ಹಳ್ಳ ಮಾತೇ ಆಡ್ತಿಲ್ಲ. ಎಲ್ಲ ಮೇಲಕ್ಕೆ ಓಡಿದ್ವಿ. ಗೋಡೆ ನೆನೆದ ಬೆಲ್ಲದ ಹಾಗೆ ಕರಗಿ ಹೋಗಿತ್ತು, ನಡುವಿನ ನೆಲವೂ ಇರಲಿಲ್ಲ. ನಮ್ಮ ಹಳ್ಳ ತಿರುವಿನಲ್ಲಿ ಪಡುವಕ್ಕೆ ಹೊರಳಿ, ಕೆಂಪು ಕೆಂಪಾಗಿ ಶರಾವತಿ ಕಡೆ ಧುಮುಕ್ತಿತ್ತು. ನೋಡ್ತಾ ಇದ್ದ ಹಾಗೇ ಕೊರಕಲು ಆಳ ಆಗ್ತಾ ಹೋಯ್ತು. ದೊಡ್ಡಪ್ಪಯ್ಯ ಕಂಬಳಿಕೊಪ್ಪೆ ಹೊದ್ದು ದಡದಲ್ಲಿ ನಿಂತಿದ್ರು. "ಹೋಗ್ಲಿ ಬಿಡಿ, ಆ ಕಡೆ ಅದಕ್ಕೆ ಸಮುದ್ರ ಹತ್ರ" ಅಂದ್ರು.

ಮುಂದಿನ ಬೇಸಿಗೆಗೆ ಮನೆ ಬಿಚ್ಚಿದ್ವಿ. ದೊಡ್ಡಪ್ಪಯ್ಯ, ದೊಡ್ಡಮ್ಮ ಗಾಡಿ ಹತ್ತಿ ತೀರ್ಥಹಳ್ಳಿ ಕಡೆ ಹೋದ್ರು. ನನ್ನನ್ನ ಸಾಗರದ ಮಾವನ ಮನೆಗೆ ಕಳಿಸಿದ್ರು. ಆಗ ನಿಮ್ಮ ಮನೇಲಿ ಕರೆಂಟು ದೀಪ ಉರಿದಿದ್ರೆ, ಅದರಲ್ಲಿ ಲಿಂಗನಮಕ್ಕಿ ಸೇರಿದ ನಮ್ಮ ಹಳ್ಳದ್ದೂ ಒಂದು ಹನಿ ಇತ್ತು ಅಂತ ತಿಳ್ಕೊಳ್ಳಿ. ಈ ಗುಡ್ಡಗಳು ಬಹಳ ಹಳೇವು, ಹೊಳೆಗಳು ಒಂದರ ನೀರು ಇನ್ನೊಂದು ಕದಿಯೋದು ಲಕ್ಷಾಂತರ ವರ್ಷದಿಂದ ನಡೆದಿದೆ ಅಂತಾರೆ ಓದಿದೋರು. ಇರಬಹುದು. ನಮಗೆ ಇದ್ದಿದ್ದು ಒಂದೇ ಹಳ್ಳ. ಈಗ ಅದರ ಜಾಗದಲ್ಲಿ ಹುಲ್ಲು ಬೆಳೆದ ತಗ್ಗು, ದನ ಮಲಗ್ತವೆ.

ಇಷ್ಟರಲ್ಲಿ ಒಂದೇ ಒಂದು ಸುಳ್ಳು ಸೇರಿಸಿದ್ದೀನಿ. ನೀವು ಅಂದ್ಕೊಂಡಿದ್ದಲ್ಲ. ದೊಡ್ಡಪ್ಪಯ್ಯ ಅವತ್ತು ದಡದಲ್ಲಿ ಏನೂ ಅನ್ನಲಿಲ್ಲ. ಆಮೇಲೂ, ಸಾಯೋವರೆಗೂ, ಆ ಹಳ್ಳದ ಮಾತು ಎತ್ತಲಿಲ್ಲ. ಅಷ್ಟು ಹೊತ್ತು ಅವರನ್ನ ಮಳೇಲಿ ಸುಮ್ಮನೆ ನಿಲ್ಲಿಸೋಕೆ ಮನಸ್ಸಾಗದೆ, ಸಮುದ್ರ ಹತ್ರ ಅನ್ನೋ ಆ ಮಾತು ನಾನೇ ಅವರ ಬಾಯಿಗೆ ಕೊಟ್ಟೆ.