ಗೋದಾಮಿನ ರೂಬೆನ್ ಪಾದ್ರಿಯಾದದ್ದು

ಉಡುಪಿಯ ರೂಬೆನ್ ಕುಂದರ್ ಕೊಲ್ಲಿ ಯುದ್ಧ ಮುಗಿದ ಮರುವರ್ಷ ಕುವೈತಿಗೆ ಬಂದು, ಅರ್ದಿಯಾ ಎಂಬಲ್ಲಿನ ಪೈಪು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆದರು. ಹೆಂಡತಿ ಬ್ರೆಂಡಾ ನರ್ಸ್, ಮಗಳು ಲೊರೈನ್. ಶುಕ್ರವಾರ ಅವರ ಮಂಗಫ್ ಫ್ಲ್ಯಾಟಿನಲ್ಲಿ ಮೂವತ್ತು ಜನ ಕನ್ನಡದ ಪ್ರೊಟೆಸ್ಟಂಟರು ಪ್ರಾರ್ಥನೆಗೆ ಸೇರುತ್ತಿದ್ದರು. ರೂಬೆನ್ ಬೈಬಲ್ ಓದಿ ಅರ್ಥ ಹೇಳುತ್ತಿದ್ದರು, ಅಷ್ಟೇ. ಪಾದ್ರಿ ದೀಕ್ಷೆಯಿಲ್ಲದವರು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವಂತಿಲ್ಲ.

ಆ ಸಭೆಯವನೇ ಆದ, ವಫ್ರಾದ ತೋಟದಲ್ಲಿ ದುಡಿಯುತ್ತಿದ್ದ ಸ್ಯಾಮ್ಸನ್ ಜ್ವರದಲ್ಲಿ ಮಲಗಿ ಅದನ್ನೇ ಬೇಡಿದ. "ನನಗೆ ಅಧಿಕಾರ ಇಲ್ಲ ಮಾರಾಯ" ಎಂದು ರೂಬೆನ್ ಬರಿಗೈಯಲ್ಲಿ ಕೂತರು. ಎರಡೇ ದಿನಕ್ಕೆ ಅವನು ತೀರಿಕೊಂಡ.

ಆಮೇಲೆ ಐದು ವರ್ಷ ಅಂಚೆಯ ಮೂಲಕ ದೇವಶಾಸ್ತ್ರ ಓದಿದರು. ಎರಡು ಸಾವಿರದ ಇಸವಿಯಲ್ಲಿ ಹೊರದೇಶದ ಬಿಷಪ್ಪರಿಂದ ಪತ್ರ ಬಂತು: ಬಂದು ದೀಕ್ಷೆ ಕೊಡುತ್ತೇನೆ, ಆದರೆ ನಿಮ್ಮ ಕಫೀಲನ ಒಪ್ಪಿಗೆ ಪತ್ರ ಬೇಕು, ಕದ್ದುಮುಚ್ಚಿ ಮಾಡುವ ಕೆಲಸ ಇದಲ್ಲ.

ವೀಸಾ ಕೊಟ್ಟ ಕಫೀಲ್, ಗೋದಾಮಿನ ಮಾಲೀಕ ಅಬು ನಾಸಿರ್. ಬ್ರೆಂಡಾ ಹೆದರಿದರು. "ಅವ್ರು ಸಿಟ್ಟಾಗಿ ಊರಿಗೆ ಕಳಿಸಿದ್ರೆ? ಲೊರೈನಳ ಶಾಲೆ ಎಂತ ಆಗ್ಬೇಕು?"

"ಕೇಳದೆ ಬಿಟ್ರೆ ಸ್ಯಾಮ್ಸನ್ನನ ಮುಖ ನನ್ನನ್ನು ಬಿಡುದಿಲ್ಲ ಬ್ರೆಂಡಾ."

ಹನ್ನೊಂದು ದಿನ ಅರ್ಜಿ ಅಂಗಿಯ ಜೇಬಿನಲ್ಲೇ ಬೆವರಿತು. ಹನ್ನೆರಡನೆಯ ದಿನ ಕೊಟ್ಟರು. ಅಬು ನಾಸಿರ್ ಎರಡು ಸಲ ಓದಿ, ಹರಕು ಹಿಂದಿಯಲ್ಲಿ, "ನೀನು ಇಮಾಮ್ ಆಗ್ತೀಯಾ?" ಎಂದು ಕೇಳಿದ.

"ನಮ್ಮ ಜನಕ್ಕೆ ಮಾತ್ರ, ಬಾಬಾ."

ಅವನು ಕಾಗದವನ್ನು ಡ್ರಾಯರಿಗೆ ಹಾಕಿ ಬೇರೆ ಫೈಲು ತೆರೆದ.

ಮರುದಿನ, ಕಂಪನಿ ಕೆಲಸಕ್ಕೆ ಸರ್ಕಾರಿ ಕಚೇರಿಗಳಿಗೆ ಓಡಾಡುವ ಹಸೈನಾರ್ ಬಂದು ನಿಂತ. "ಸಿವಿಲ್ ಐಡಿ ಕೊಡಿ ರೂಬೆನಣ್ಣ. ಎಂತಕ್ಕೆ ಅಂತ ಬಾಬಾ ನನ್ನ ಹತ್ರವೂ ಹೇಳ್ಲಿಲ್ಲ."

ಪಾಸ್‌ಪೋರ್ಟು ಮೊದಲೇ ಕಂಪನಿಯ ತಿಜೋರಿಯಲ್ಲಿತ್ತು. ಈಗ ಗುರುತಿನ ಕಾರ್ಡೂ ಇಲ್ಲ. ಬಸ್ಸಿನಲ್ಲಿ ಪೊಲೀಸರನ್ನು ಕಂಡಾಗಲೆಲ್ಲ ರೂಬೆನ್ ಮುಂದಿನ ಸ್ಟಾಪಿಗೇ ಇಳಿದುಬಿಡುತ್ತಿದ್ದರು. ಪೈಪುಗಳ ಲೆಕ್ಕ ಎರಡು ಸಲ ತಪ್ಪಿತು. ಬ್ರೆಂಡಾ ಸರ್ಟಿಫಿಕೇಟುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿದರು. ಸುದ್ದಿ ಹರಡಿ ಸಭೆಯವರ ಫೋನೂ ನಿಂತಿತು. ಒಪ್ಪಿಗೆ ಪತ್ರ ಕೈಸೇರುವ ಮೊದಲೇ ಬಿಷಪ್ ಬಂದಿಳಿದರು.

ಗುರುವಾರ ಬೆಳಿಗ್ಗೆ ಮಾಲೀಕನ ಕೋಣೆಯಿಂದ ಕರೆ ಬಂತು. ಮೇಜಿನ ಮೇಲೆ ಕಾರ್ಡು, ಪಕ್ಕದಲ್ಲಿ ಮೊಹರು ಒತ್ತಿದ ಒಪ್ಪಿಗೆ ಪತ್ರ.

"ಇಲ್ಲಿರೋದಕ್ಕೆ ಬೇಕಾದ ನಿನ್ನ ಇಕಾಮಾ ಮುಂದಿನ ತಿಂಗಳು ಮುಗೀತಿತ್ತು. ಎರಡು ವರ್ಷಕ್ಕೆ ಹೊಸದು ಮಾಡಿಸಿದ್ದೇನೆ" ಎಂದ ಅಬು ನಾಸಿರ್. "ಫ್ಲ್ಯಾಟಲ್ಲಿ ಜನ ಸೇರಿಸ್ಬೇಡ, ಚರ್ಚಿನ ಕಂಪೌಂಡಿಗೆ ಹೋಗು. ಶನಿವಾರ ಏಳಕ್ಕೆ ಡ್ಯೂಟಿ. ಖಲಾಸ್."

ರೂಬೆನ್ ಕಾರ್ಡು, ಪತ್ರ ಎರಡನ್ನೂ ಎತ್ತಿ ಅರ್ಜಿಯಿದ್ದ ಅದೇ ಜೇಬಿಗೆ ಇಟ್ಟುಕೊಂಡರು.

ಶುಕ್ರವಾರ ದೀಕ್ಷೆ ನೋಡಲು ಬಂದವರು ಸಭೆಯ ಒಂಬತ್ತೇ ಜನ. ಉಳಿದವರಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. ಮೊಣಕಾಲೂರಿದ ರೂಬೆನ್ನರ ತಲೆಯ ಮೇಲೆ ಬಿಷಪ್ಪರು ಕೈಯಿಟ್ಟದ್ದನ್ನು ಬ್ರೆಂಡಾ ಮುಂದಿನ ಬೆಂಚಿನಿಂದ ನೋಡಿದರು.

ಮುಂದೆ ಹದಿಮೂರು ವರ್ಷ ಅವರು ವಾರಕ್ಕೆ ಆರು ದಿನ ಗೋದಾಮಿನಲ್ಲೂ ಒಂದು ದಿನ ಸಭೆಯಲ್ಲೂ ದುಡಿದರು. ಊರಿಗೆ ಮರಳುವ ವರ್ಷ ಸಭೆಯಲ್ಲಿ ಇನ್ನೂರು ಜನರಿದ್ದರು.