ಬೆಟ್ಟದ ಕಡೆಯ ಕೋಣೆ

ಹತ್ತಿಮಾವನಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದು ಬ್ಯಾಂಕಿನ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತು. ಊರಿಗೆ ಗೊತ್ತಿದ್ದದ್ದು ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಮಾವ ಮಾತ್ರ. ಮಾವನಿದ್ದ ಮೇಲೆ ಅತ್ತೆ ಬೇಕಲ್ಲ, ಹಾಗಾಗಿ ಅವನ ಹೆಂಡತಿ ಇಪ್ಪತ್ತೆರಡಕ್ಕೇ ಊರಿಗೆಲ್ಲ ಅತ್ತೆಯಾದಳು. ಮಕ್ಕಳಾಗಲಿಲ್ಲ. ಸೊಸೆಯಿಲ್ಲದೆ ಅತ್ತೆಯಾದವಳು ತಾನೊಬ್ಬಳೇ ಎಂದು ಅವಳೇ ನಗುತ್ತಿದ್ದಳು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ನಿಮಗೆ. ಕಾಲು ಇದ್ದಷ್ಟು ಹಾಸಿಗೆ ಹೊಲಿ ಅನ್ನೋದು ನನಗೆ,” ಎನ್ನುತ್ತ ಹತ್ತಿಮಾವ ಗಿರಾಕಿಗಳನ್ನು ನೆಲದ ಮೇಲೆ ಮಲಗಿಸಿ ದಾರ ಹಿಡಿದು ಅಳೆಯುತ್ತಿದ್ದ. ಫೋಮಿನ ಹಾಸಿಗೆ ಪೇಟೆಗೆ ಬಂದ ಮೇಲೆ ಅವನಲ್ಲಿ ಮಲಗಿದ್ದು ವ್ಯಾಪಾರವೊಂದೇ.

ಅವನನ್ನೂ ಊರನ್ನೂ ಎಬ್ಬಿಸಿದ್ದು ಊರ ಹಿಂದಿನ ಬೆಟ್ಟ. ಅದನ್ನು ಹತ್ತಲು ಹೊರಗಿನವರು ಬರತೊಡಗಿದರು. ಊರವರೆಲ್ಲ ಸೇರಿ ತಮ್ಮದೇ ಕಂಪನಿ ಕಟ್ಟಿದರು: ಮನೆಗೊಂದು ಪಾಲು, ಮನೆಗೊಂದು ಅತಿಥಿ ಕೋಣೆ, ಕೋಣೆಗೊಂದು ಹತ್ತಿಮಾವನ ಹಾಸಿಗೆ. ಆದರೆ ಬಸ್ಸಿಳಿದವರನ್ನೆಲ್ಲ ನಿಲ್ದಾಣದ ಎದುರಿನ ಮನೆಗಳೇ ಬಾಚಿಕೊಳ್ಳುತ್ತಿದ್ದವು. ಊರ ತುದಿಯಲ್ಲಿದ್ದ ಹತ್ತಿಮಾವನಿಗೂ ಪಕ್ಕದ ಮನೆಯ ಕ್ಷೌರಿಕನಿಗೂ ದಕ್ಕುತ್ತಿದ್ದದ್ದು ಬಸ್ಸಿನ ಧೂಳು.

ಆಗ ಸಭೆಯಲ್ಲಿ ಎದ್ದು ನಿಂತವನು ಹತ್ತಿಮಾವ. ಸರದಿ ಹಲಗೆಯ ಉಪಾಯ ಅವನದ್ದೇ. ಗೇಣುದ್ದದ ಒಂದು ಹಲಗೆ. ಅದು ಯಾರ ಬಾಗಿಲ ಮೊಳೆಗೆ ತೂಗುತ್ತಿದೆಯೋ ಮುಂದಿನ ಅತಿಥಿ ಅವರಿಗೆ. ಅತಿಥಿ ಒಳಗೆ ಕಾಲಿಟ್ಟ ಕೂಡಲೇ ಹಲಗೆ ಪಕ್ಕದ ಮನೆಗೆ. ಬೇಡ ಅನ್ನುವ ಹಾಗಿಲ್ಲ. ಸಾವಾದ ಮನೆಗೆ ಮಾತ್ರ ಒಂದು ತಿಂಗಳು ಬಿಡುವು.

“ಕಾಯಿಲೆ ಬಿದ್ದರೆ?” ಎಂದು ಕೇಳಿದರು ಕಂಪನಿಯ ಅಧ್ಯಕ್ಷೆ ಟೀಚರಮ್ಮ.

“ಜ್ವರಕ್ಕೆ ರಜ ಕೊಟ್ಟರೆ ಊರಿಗೆಲ್ಲ ಜ್ವರ ಬರುತ್ತೆ ಟೀಚರಮ್ಮ. ನಿಮ್ಮ ಕ್ಲಾಸಲ್ಲಿ ಬರ್ತಿರಲಿಲ್ವಾ?”

ಎಲ್ಲರೂ ನಕ್ಕರು. ನಗುನಗುತ್ತಲೇ ನಿಯಮ ಪಾಸಾಯಿತು. ನಿಯಮದೊಳಗೊಬ್ಬ ಯಮ ಕೂತಿದ್ದಾನೆಂದು ಯಾರು ಬಿಡಿಸಿ ನೋಡಿದರು?

ನಿಯಮವೇನೋ ಕೆಟ್ಟದ್ದಲ್ಲ. ಜಗಳ ನಿಂತಿತು. ಕ್ಷೌರಿಕ ಬಚ್ಚಲಿಗೆ ಟೈಲ್ಸ್ ಹಾಕಿಸಿದ. ಹತ್ತಿಮಾವ ಬೆಟ್ಟದ ಕಡೆಯ ಕೋಣೆಗೆ ಗೋಡೆ ಒಡೆದು ದೊಡ್ಡ ಕಿಟಕಿ ಇಡಿಸಿದ. ಅತಿಥಿಗಳಿಲ್ಲದ ದಿನ ಅಲ್ಲಿ ಮಲಗುವುದೆಂದರೆ ಅವನಿಗೂ ಅತ್ತೆಗೂ ದುಡ್ಡಿಲ್ಲದ ಪ್ರವಾಸ.

ಆರನೇ ವರ್ಷ ಅವನು ಹಾಸಿಗೆ ಹಿಡಿದ. ಮೂವತ್ತು ವರ್ಷ ನುಂಗಿದ ಹತ್ತಿಯ ಧೂಳು ಎದೆಯಲ್ಲಿ ಕೂತಿದೆ, ಇನ್ನು ಹೆಚ್ಚು ದಿನವಿಲ್ಲ, ಗಾಳಿ ಬೆಳಕಿರುವಲ್ಲಿ ಮಲಗಿಸಿ ಎಂದರು ಡಾಕ್ಟರು.

“ಒಳ್ಳೇದೇ ಆಯ್ತು ಬಿಡಿ, ಒಳಗೂ ಮೆತ್ತಗಿರುತ್ತೆ,” ಎಂದ ಹತ್ತಿಮಾವ. ಡಾಕ್ಟರು ನಗಲಿಲ್ಲ.

ಅತ್ತೆ ಅವನನ್ನು ಬೆಟ್ಟದ ಕಡೆಯ ಕೋಣೆಯಲ್ಲಿ ಮಲಗಿಸಿದಳು. ಕಿಟಕಿಯಿಂದ ಗಾಳಿ ಬಂದರೆ ಉಸಿರು ಸ್ವಲ್ಪ ಸಲೀಸು. ಇರುವಷ್ಟು ದಿನ ಅವನು ಅಲ್ಲೇ ಇರಬೇಕು; ಅವಳಿಗೆ ದೇವರಲ್ಲಿ ಕೇಳಲು ಬೇರೇನೂ ಉಳಿದಿರಲಿಲ್ಲ. ಮನೆಯಲ್ಲಿ ಮತ್ತೆ ಇದ್ದದ್ದು ಹೊಗೆಯ ಅಡುಗೆಮನೆ ಮತ್ತು ಹಳೆಯ ಹತ್ತಿಯ ಮೂಟೆಗಳಿದ್ದ, ಕಿಟಕಿಯಿಲ್ಲದ ಉಗ್ರಾಣ.

ಅಷ್ಟರಲ್ಲಿ ಹಲಗೆ ಮನೆಯಿಂದ ಮನೆಗೆ ಬಂದು ಅವರ ಮೊಳೆಗೇ ತೂಗಿತು.

ಟೀಚರಮ್ಮ ಓಡಿ ಬಂದರು. “ಈ ಸಲ ಹತ್ತಿಮಾವನ ಮನೆ ಬಿಟ್ಟುಬಿಡೋಣ. ಯಾರೂ ಏನೂ ಅನ್ನಲ್ಲ.”

“ಇವತ್ತು ನನಗೆ ಬಿಟ್ಟರೆ ನಾಳೆ ಬಸ್ ಸ್ಟ್ಯಾಂಡಿನವರಿಗೆ ಯಾವ ಬಾಯಲ್ಲಿ ಬೇಡ ಅಂತೀರಿ?” ಎಂದ ಹತ್ತಿಮಾವ. ಇಷ್ಟು ಹೇಳಲು ಮೂರು ಸಲ ನಿಲ್ಲಬೇಕಾಯಿತು.

ಮರುದಿನ ಬೆಳಿಗ್ಗೆ ಅತ್ತೆ ಹಲಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಗೆ ಹೋದಳು.

“ಕೊಡಿ ಅತ್ತೆ,” ಎಂದ ಕ್ಷೌರಿಕ. “ಊರಿನವರ ತಲೆಯನ್ನೆಲ್ಲ ಕೈಗೆ ತೆಗೊಂಡವನಿಗೆ ಇದೊಂದು ಹಲಗೆ ಭಾರವಾ?”

ಅವಳು ವಾಪಸ್ಸು ಬಂದಾಗ ಹತ್ತಿಮಾವ ಗೋಡೆಗೆ ಒರಗಿ ಕೂತಿದ್ದ. “ಗಾಳಿ ಬೀಸಿತು. ಹಲಗೆ ಟಕಟಕ ಅನ್ನಲಿಲ್ಲ. ಎಲ್ಲೇ ಅದು?”

“ಒರೆಸೋಕೆ ತೆಗೆದಿದ್ದೆ.”

“ಸುಳ್ಳು ಹೇಳೋಕೂ ಬರಲ್ಲ ನಿನಗೆ.” ಅವನು ಮಾತ್ರೆಯ ಲೋಟ ದೂರ ಸರಿಸಿದ. ಮಧ್ಯಾಹ್ನವೂ ಮುಟ್ಟಲಿಲ್ಲ, ಹಾಲನ್ನೂ ಮುಟ್ಟಲಿಲ್ಲ.

“ನಿಮ್ಮ ಉಸಿರಿಗಿಂತ ಹೆಚ್ಚೇನ್ರೀ ಆ ಹಲಗೆ?”

“ಉಸಿರು ನಂದೊಬ್ಬಂದು ಕಣೇ. ಹಲಗೆ ಎಲ್ಲರದ್ದು.”

ಸಂಜೆಯ ಹೊತ್ತಿಗೆ ಅತ್ತೆ ಸೋತಳು. ಹಲಗೆ ಮೊಳೆಗೆ ಮರಳಿತು. ಅವಳೂ ಕ್ಷೌರಿಕನೂ ಹತ್ತಿಮಾವನನ್ನು ಉಗ್ರಾಣಕ್ಕೆ ಸಾಗಿಸಿದರು. ಒಳ್ಳೆಯ ಹಾಸಿಗೆ ಕಂಪನಿಯದು, ಅದನ್ನು ಅಲುಗಿಸಬೇಡ ಎಂದ ಹತ್ತಿಮಾವ. ಊರಿಗೆಲ್ಲ ಹಾಸಿಗೆ ಹೊಲಿದವನು ಎರಡು ಕಂಬಳಿ ಮಡಿಸಿ ಮಲಗಿದ. ಅತಿಥಿಗಳಿಗೆ ಏನೂ ಹೇಳಬಾರದೆಂದು ಅತ್ತೆಯಿಂದ ಭಾಷೆಯನ್ನೂ ತೆಗೆದುಕೊಂಡ. “ಬೇಜಾರು ಮಾಡ್ಕೊಂಡು ಹೋದವರು ಇನ್ನೊಬ್ಬರಿಗೂ ಬರಬೇಡಿ ಅಂತಾರೆ.”

ಬಂದವರು ಗಂಡ ಹೆಂಡತಿ, ಬಲು ಮೆದುವಾದ ಜನ. ಕಿಟಕಿ ನೋಡಿ ಆಕೆ ಮಗುವಿನ ಹಾಗೆ ಹಿಗ್ಗಿದಳು. ಬೆಳಿಗ್ಗೆ ಮುಖ ತೊಳೆಯುವಾಗ ಮಾತ್ರ ಕೇಳಿದಳು: “ಯಾರೋ ಕೆಮ್ಮಿದ ಹಾಗಾಯ್ತಲ್ಲ?”

“ಧೂಳು,” ಎಂದಳು ಅತ್ತೆ. ಅದು ಸುಳ್ಳಲ್ಲ.

ಎರಡನೇ ದಿನ ಅವರಿಬ್ಬರೂ ಬೆಟ್ಟ ಹತ್ತಲು ಹೋದರು. ನಡುಹಗಲು ಅತ್ತೆ ಉಗ್ರಾಣದಲ್ಲಿ ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದಳು. ಹತ್ತಿಮಾವ ಕಣ್ಣು ಬಿಡದೆ ಕೇಳಿದ: “ಕಿಟಕಿ ತೆಗೆದಿದೀಯಾ?”

ನಾಲ್ಕು ಗೋಡೆಯ ಆ ಕತ್ತಲಲ್ಲಿ ಅವಳು ಜೋರಾಗಿ ರಟ್ಟು ಬೀಸಿದಳು. “ತೆಗೆದಿದೀನಿ.”

ಈ ಸಲದ ಸುಳ್ಳನ್ನು ಅವನು ಹಿಡಿಯಲಿಲ್ಲ. ಅವಳ ಕೈ ಇನ್ನೂ ಬಹಳ ಹೊತ್ತು ಬೀಸುತ್ತಲೇ ಇತ್ತು.

ಆಮೇಲೆ ಎದ್ದು ಕ್ಷೌರಿಕನನ್ನು ಕರೆದಳು. ಅತಿಥಿಗಳ ಚೀಲ, ಬಾಚಣಿಗೆ, ಒದ್ದೆ ಟವೆಲನ್ನು ಜೋಪಾನವಾಗಿ ಜಗಲಿಗೆ ತಂದಿಟ್ಟಳು. ಇಬ್ಬರೂ ಸೇರಿ ಹತ್ತಿಮಾವನನ್ನು ಎತ್ತಿ ತಂದು ಆ ಹಾಸಿಗೆಯ ಮೇಲೆ ಮಲಗಿಸಿದರು. ಮೂಟೆಯಷ್ಟೂ ಭಾರವಿರಲಿಲ್ಲ. ಅವನ ಕೂದಲಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಕ್ಷೌರಿಕ ಒಂದೊಂದಾಗಿ ಬಿಡಿಸಿದ.

ಇಳಿಹೊತ್ತಿಗೆ ಅತಿಥಿಗಳು ನಗುತ್ತ ಬಂದರು. ಟೀಚರಮ್ಮ ಅವರನ್ನು ಗೇಟಿನಲ್ಲೇ ತಡೆದು ಹತ್ತಿಮಾವನ ಸಾವನ್ನೂ ಕೋಣೆಯ ವಿಷಯವನ್ನೂ ಮೆಲ್ಲಗೆ ಹೇಳಿದರು. ಅತಿಥಿ ಹೆಂಗಸಿನ ಅಳು ಬೆರೆತ ದನಿ ಒಳಗಿನವರೆಗೆ ಬಂತು: “ಅಯ್ಯೋ, ಒಂದು ಮಾತು ಹೇಳಿದ್ದರೆ ನಾವು ಎಲ್ಲಾದರೂ ಮಲಗ್ತಿದ್ವಲ್ಲ!”

ಆ ಒಂದು ಮಾತು ಎರಡು ದಿನವೂ ಅತ್ತೆಯ ಬಾಯಲ್ಲೇ ಇತ್ತು. ನೀರು ಕೊಡುವಾಗ, ಊಟ ಬಡಿಸುವಾಗ ತುಟಿಯವರೆಗೆ ಬಂದು ಹಿಂದೆ ಹೋಗಿತ್ತು. ಈಗ ಆಕೆಯ ಹತ್ತಿರ ಹೋಗಿ, ನಿಮ್ಮ ತಪ್ಪಲ್ಲ ತಾಯಿ ಎನ್ನಬೇಕೆನಿಸಿತು. ಆದರೂ ಗಂಡನ ತೋಳಿನ ಮೇಲೆ ಕೈಯಿಟ್ಟು ಹಾಗೇ ಕೂತಳು. ಬೆಟ್ಟದ ಗಾಳಿ ಒಳಗೆ ಬಂತು, ಹೊದಿಕೆಯ ಅಂಚನ್ನಷ್ಟೇ ಅಲುಗಿಸಿತು.