ಕಂದು ಮರಿಗಳ ಬಿಳಿ ಅಪ್ಪ

ಎರಡು ತಿಂಗಳ ಹಿಂದೆ ನಾನು ಒಂದಿಡೀ ಸಂಸಾರವನ್ನು ಬಾಣಲೆಗೆ ಕಳಿಸಿದ್ದೆ. ನನ್ನ ಕೈಯಾರೆ ರಟ್ಟಿನ ಪೆಟ್ಟಿಗೆಗೆ ತುಂಬಿ, ಉಸಿರಾಡಲಿ ಎಂದು ತೂತು ಬೇರೆ ಮಾಡಿ!

ಗಾಬರಿಯಾಗಬೇಡಿ. ಇದು ಗೌಜಲ ಹಕ್ಕಿಗಳ ವಿಷಯ.

ರವೀಂದ್ರನಗರದ ನಮ್ಮ ಮನೆಯ ತಾರಸಿಯಲ್ಲಿ ನಾನು ಈ ಹಕ್ಕಿ ಸಾಕುತ್ತೇನೆ. ಕೋಳಿ ಅಂಗಡಿಗಳಲ್ಲಿ ಕ್ವೇಲ್ ಅಂತ ಮಾರುತ್ತಾರಲ್ಲ, ಅದೇ. ಹಿಡಿಯಷ್ಟು ಮೈ, ಬೀದಿಗೆಲ್ಲ ಕೇಳುವ ಗಂಟಲು. ನಮ್ಮ ಮನೆಯಲ್ಲೋ ಮೊಟ್ಟೆ ಕೂಡ ಬೇಯುವುದಿಲ್ಲ. "ತಿನ್ನಲ್ಲ, ಮಾರಲ್ಲ, ಮತ್ಯಾಕೆ ಸಾಕ್ತೀಯ ಮಾರಾಯ?" ಎಂದು ಕೇಳದ ನೆಂಟರಿಲ್ಲ. ಬಣ್ಣಕ್ಕೆ ಸ್ವಾಮಿ, ಬಣ್ಣಕ್ಕೆ! ಅಪ್ಪಟ ಬಿಳಿ ಗೌಜಲ ಹಕ್ಕಿ ನೀವು ನೋಡಿದ್ದೀರಾ?

ನನ್ನ ಹತ್ತಿರ ಅಂಥದೊಂದು ಜೋಡಿ ಇತ್ತು. ಭದ್ರಾವತಿಯ ಕಾಗದನಗರದ ಗೆಳೆಯನೊಬ್ಬ ಕಾರ್ಖಾನೆಯ ಕ್ವಾರ್ಟರ್ಸ್ ಖಾಲಿ ಮಾಡುವಾಗ ತನ್ನ ಹಕ್ಕಿಗಳನ್ನೆಲ್ಲ ಹಂಚಿ, ಬಿಳಿ ಜೋಡಿಯನ್ನು ಮಾತ್ರ ನನಗೆ ಕೊಟ್ಟಿದ್ದ. "ವಂಶ ಉಳಿಸು" ಎಂದಿದ್ದ. ಉಳಿಸಿದೆನೇ? ಹೆಣ್ಣನ್ನು ಪಕ್ಕದ ಮನೆ ಬೆಕ್ಕು ಕೊಂಡೊಯ್ದಿತು. ಒಂಟಿಯಾದ ಗಂಡಿಗೆ ಒಂದು ಮಾಮೂಲಿ ಕಂದು ಹೆಣ್ಣನ್ನು ಜೊತೆ ಮಾಡಿದೆ. ಮೊಟ್ಟೆಗಳನ್ನು ಬಲ್ಬಿನ ಪೆಟ್ಟಿಗೆಯಲ್ಲಿಟ್ಟೆ. (ಮನುಷ್ಯರ ಜೊತೆ ಇದ್ದೂ ಇದ್ದೂ ಈ ಹಕ್ಕಿಗಳಿಗೆ ಕಾವು ಕೂರುವುದೇ ಮರೆತಿದೆ.) ಮರಿಗಳು ಬಂದವು. ಒಂದೊಂದೂ ಕಂದು!

ಅವು ದೊಡ್ಡವಾಗುವ ಹೊತ್ತಿಗೆ ಬಿಳಿಯಪ್ಪನೂ ಹೋದ. ಗೌಜಲ ಬೆದರಿದರೆ ನೆಟ್ಟಗೆ ಮೇಲಕ್ಕೆ ಹಾರುತ್ತದೆ. ಬೀದಿಯಲ್ಲಿ ಯಾರೋ ಪಟಾಕಿ ಹೊಡೆದರು, ಇವನ ತಲೆ ಗೂಡಿನ ಮಾಡಿಗೆ ಬಡಿಯಿತು. ಮುಗಿಯಿತು ಬಿಳಿ ವಂಶ ಎಂದುಕೊಂಡೆ. ಕಂದು ಹಕ್ಕಿ ಯಾವ ಅಂಗಡಿಯಲ್ಲೂ ಸಿಗುತ್ತದೆ, ಇವನ್ನಿಟ್ಟುಕೊಂಡು ಏನು ಮಾಡಲಿ? ಬೇಸರದಲ್ಲಿ ತಾಯಿ, ಮಕ್ಕಳು ಎಲ್ಲವನ್ನೂ ಭದ್ರಾವತಿಯ ಜನ್ನಾಪುರದಲ್ಲಿ ಕೋಳಿ ಅಂಗಡಿ ಇಟ್ಟಿರುವ ಸೆಲ್ವಂಗೆ ಕೊಟ್ಟು ಬಂದೆ.

ಎರಡು ದಿನ ಕಳೆದು ಹೆಂಡತಿ ಶೈಲಜಾ ಬಟ್ಟೆ ಒಣಗಿಸಲು ತಾರಸಿಗೆ ಹೋದಳು. ಅವಳು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಲೆಕ್ಚರರ್. ನನ್ನ ಹಕ್ಕಿಗಳ ಗೊಡವೆಗೆ ಬಂದವಳಲ್ಲ.

"ಎಲ್ರೀ ನಿಮ್ಮ ಪರಿವಾರ?"

ಹೇಳಿದೆ.

"ಕೊಟ್ಟೇ ಬಿಟ್ರಾ? ರೀ, ಅಪ್ಪ ಬಿಳಿ ಅಂದ್ಮೇಲೆ ಮರಿಗಳ ಒಳಗೆ ಬಿಳಿ ಇದ್ದೇ ಇರುತ್ತೆ. ಕಂದು ಅದನ್ನ ಮುಚ್ಚಿದೆ, ಅಷ್ಟೆ. ಅವುಗಳಲ್ಲೇ ಜೋಡಿ ಮಾಡಿದ್ರೆ ನಾಲ್ಕಕ್ಕೊಂದು ಬಿಳಿ ಬರ್ತಿತ್ತೇನೋ."

"ಅಣ್ಣ ತಂಗಿ ಅಲ್ವೇನೇ ಅವು?"

"ಹಕ್ಕಿಗೂ ಗೋತ್ರ ಕೇಳ್ತೀರಾ?"

"ಮೊದಲೇ ಹೇಳಬಾರದಿತ್ತಾ ಮಾರಾಯ್ತಿ!"

"ನೀವು ಕೇಳಿದ್ರಾ?"

ಕೇಳಿರಲಿಲ್ಲ. ಊರಿನ ಮಕ್ಕಳಿಗೆಲ್ಲ ವಂಶವಾಹಿಯ ಪಾಠ ಮಾಡುವವಳು ಮನೆಯಲ್ಲೇ ಇದ್ದರೂ ನಾನು ಯೂಟ್ಯೂಬ್ ನೋಡುತ್ತಾ ಕೂತಿದ್ದೆ. ಈಗ ಅವಳೇ ಹೇಳಿದಳು, ಕಂದು ಈ ಹಕ್ಕಿಗಳ ಮುತ್ತಜ್ಜನ ಬಣ್ಣವಂತೆ. ಹುಲ್ಲಿನಲ್ಲಿ ಕೂತರೆ ಗಿಡುಗನ ಕಣ್ಣಿಗೆ ಬೀಳಬಾರದಲ್ಲ? ಕಾಡಿನಲ್ಲಿ ಜೀವ ಉಳಿಸಿದ್ದು ಅದೇ. ಬಿಳಿಯನ್ನು ಚೆಂದ ಕಂಡು ಆರಿಸಿ ಬೆಳೆಸಿದವರು ನಮ್ಮಂಥವರು.

ಸೆಲ್ವಂಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಸ್ಕೂಟರ್ ಹತ್ತಿದೆ. ಮಾಚೇನಹಳ್ಳಿ ದಾಟುವಷ್ಟರಲ್ಲಿ ಕಲ್ಪನೆಯಲ್ಲಿ ಒಂದೊಂದೇ ಹಕ್ಕಿ ಮಸಾಲೆ ಸವರಿಕೊಂಡು ಎಣ್ಣೆಗಿಳಿಯುತ್ತಿತ್ತು. ವಂಶ ಉಳಿಸು ಎಂದ ಆ ಗೆಳೆಯನಿಗೆ ಏನೆಂದು ಹೇಳುವುದು?

ಜನ್ನಾಪುರದಲ್ಲಿ ಸೆಲ್ವಂನ ಅಂಗಡಿಗೆ ಅರ್ಧ ಬಾಗಿಲು. ಅವನು ಒಳಗೆ ಕಾಲು ಚಾಚಿ ಪೇಪರ್ ಓದುತ್ತಿದ್ದ.

"ಸೆಲ್ವಂ, ನನ್ನ ಹಕ್ಕಿಗಳು?"

"ಯಾಕ್ ಸಾರ್ ಹಿಂಗ್ ಬೆವರ್ತಾ ಇದೀರಾ? ಹಿಂದ್ಗಡೆ ಇದಾವೆ. ಶ್ರಾವಣ ಅಲ್ವಾ, ಕೋಳೀನೇ ಯಾರೂ ಕೇಳಲ್ಲ, ಇನ್ನು ಕಾಡೈ ಯಾರು ತಿಂತಾರೆ? ಪೆಟ್ಟಿಗೆ ಬಿಚ್ಚಿ ಕಾಳು ನೀರು ಇಟ್ಟಿದೀನಿ, ಅಷ್ಟೆ." ಅವನ ಮನೆಮಾತು ತಮಿಳು, ಈ ಹಕ್ಕಿಯನ್ನು ಅವನು ಕಾಡೈ ಎಂದೇ ಕರೆಯುವುದು.

ಶ್ರಾವಣ! ಮನೆಯಲ್ಲಿ ಸೋಮವಾರಗಳ ಉಪವಾಸ ನಡೆದೇ ಇತ್ತು. ಆದರೆ ವರ್ಷವಿಡೀ ಮಾಂಸ ತಿನ್ನದ ನನಗೆ, ಒಂದು ತಿಂಗಳು ಬಿಡುವವರ ಲೆಕ್ಕ ಹೇಗೆ ಹೊಳೆಯಬೇಕು? ಊರವರ ಬಾಯಿಕಟ್ಟು ನನ್ನ ಹಕ್ಕಿಗಳ ಜೀವ ಉಳಿಸಿತ್ತು. ಅಲ್ಲೇ ಕೋಳಿ ಬುಟ್ಟಿಯ ಮೇಲೆ ಕುಸಿದು ಕೂತೆ. ಸೆಲ್ವಂ ಟೀ ತರಿಸಿದ. ಅಷ್ಟು ರುಚಿಯಾದ ಟೀಯನ್ನು ನಾನು ಈಚೆಗೆ ಕುಡಿದಿಲ್ಲ. ಹಕ್ಕಿಗಳನ್ನು ಅದೇ ಪೆಟ್ಟಿಗೆಯಲ್ಲಿ ಮನೆಗೆ ತಂದು, ಗೋತ್ರ ಕೇಳದೆ ಅವುಗಳಲ್ಲೇ ಜೋಡಿ ಮಾಡಿದೆ.

ಕಳೆದ ವಾರ ಬಲ್ಬಿನ ಪೆಟ್ಟಿಗೆಯಲ್ಲಿ ಆ ಕಂದು ಹಕ್ಕಿಗಳ ಮೊಟ್ಟೆಗಳು ಒಡೆದವು. ಪಟ್ಟೆ ಪಟ್ಟೆ ಮರಿಗಳ ನಡುವೆ ಎರಡು ಹಳದಿ ಮರಿ. ಬಿಳಿ ಗೌಜಲ ಹುಟ್ಟುವಾಗ ಹಳದಿಯೇ. ನನಗೆ ಕಣ್ಣು ತುಂಬಿತು. (ನಗಬೇಡಿ.) ಗೆಳೆಯನಿಗೆ ಫೋಟೋ ಕಳಿಸಿದೆ, ಹಗುರಾದೆ. ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಮರುದಿನ ಆ ಹಳದಿ ಮರಿಗಳನ್ನು ಅಂಗೈಯಲ್ಲಿಟ್ಟುಕೊಂಡು ಶೈಲಜಾಗೆ ತೋರಿಸಿದೆ. ಅವಳು ಅವನ್ನು ನೋಡಿದಳು. ಆಮೇಲೆ ಗೂಡಿನಲ್ಲಿ ಕಾಳು ಹೆಕ್ಕುತ್ತಿದ್ದ ಕಂದು ಅಪ್ಪ ಅಮ್ಮಂದಿರನ್ನು ನೋಡಿದಳು.

"ಅಲ್ರೀ, ಇವುಗಳ ಒಳಗೆ ಬಿಳಿ ಇಲ್ಲ ಅಂದಿದ್ರೆ, ಆವತ್ತು ಸ್ಕೂಟರ್ ಹತ್ತುತ್ತಿದ್ರಾ?"